ಮೊದಲ ಮೀನು ಬಿಟ್ಟ ಕೈ

ನಮ್ಮ ಮನೆಯ ಹಾಲ್‌ಗೆ ಬಂದವರು ಮೊದಲು ಕೇಳುವ ಪ್ರಶ್ನೆ ಒಂದೇ. "ಉಪ್ಪು ನೀರು ತಾನೆ? ಒಂದು ಹಿಡಿ ಉಪ್ಪು ಹಾಕಿದರೆ ಆಯಿತಪ್ಪ, ಅದಕ್ಕೆ ಇಷ್ಟೆಲ್ಲ ರಾದ್ಧಾಂತ ಯಾಕೆ?" ಹೀಗೆ ಕೇಳಿದವರಲ್ಲಿ ಕಾಲೇಜಿನಲ್ಲಿ ಪಾಠ ಮಾಡುವವರೂ ಇದ್ದಾರೆ. ಮೊದಮೊದಲು ಕೂರಿಸಿ, ಕಾಫಿ ಕೊಟ್ಟು, ಸಮುದ್ರದ ನೀರಿನಲ್ಲಿ ಏನೇನಿರುತ್ತದೆ ಎಂದು ವಿವರಿಸುತ್ತಿದ್ದೆ. ಈಗ ಕಾಫಿ ಮಾತ್ರ ಕೊಡುತ್ತೇನೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ತಿದ್ದಿಕೊಳ್ಳುವ ವಯಸ್ಸೂ ದಾಟಿದೆ.

ನಾನು ಹಾಸನದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬೆಳಿಗ್ಗೆ ಬಿಳಿ ಕೋಟು ಹಾಕಿ ಕೂತರೆ, ಅರಕಲಗೂಡು ಹೊಳೆನರಸೀಪುರಗಳಿಂದ ಏನೂ ತಿನ್ನದೆ ಮೊದಲ ಬಸ್ಸಿಗೆ ಬಂದವರ ತೋಳಿನಲ್ಲಿ ನರ ಹುಡುಕುವುದೇ ಕೆಲಸ. ನಮ್ಮವರದು ಗೊಬ್ಬರ ಮತ್ತು ಬೆಳೆ ಔಷಧಿಯ ಅಂಗಡಿ. ನಾನು ಹುಟ್ಟಿ ಬೆಳೆದದ್ದು ಮಲ್ಲಿಪಟ್ಟಣದಲ್ಲಿ. ಅಲ್ಲಿ ಮೀನು ಅಂದರೆ ಕೆರೆಯದು, ಅದರ ಜಾಗ ಸಾರಿನ ಪಾತ್ರೆ. ಅಂಥವಳಿಗೆ ಈ ಹುಚ್ಚು ಹತ್ತಿದ್ದು ತರಬೇತಿಗೆಂದು ಮಂಗಳೂರಿಗೆ ಹೋದಾಗ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ, ರೋಗಿಗಳು ಕಾಯುವ ಕಡೆ, ಗಾಜಿನ ಟ್ಯಾಂಕಿನಲ್ಲಿ ಜೀವಂತ ಹವಳ ಇಟ್ಟಿದ್ದರು. ಹವಳ ಅಂದರೆ ಕೊರಳಿಗೆ ಹಾಕುವ ಕೆಂಪು ಮಣಿ ಎಂದೇ ತಿಳಿದಿದ್ದ ನನಗೆ, ಅದು ಬಾಯಿ ತೆರೆದು ಊಟ ಮಾಡುತ್ತದೆ ಎಂದು ಗೊತ್ತಾದದ್ದು ಅಲ್ಲಿ. ತರಬೇತಿಯಲ್ಲಿ ಏನು ಹೇಳಿಕೊಟ್ಟರೋ ನೆನಪಿಲ್ಲ. ಊಟದ ಬಿಡುವಿನಲ್ಲೆಲ್ಲ ಆ ಗಾಜಿನ ಮುಂದೆಯೇ ನಿಂತಿದ್ದೆ.

ಮನೆಗೆ ಬಂದು ವಿಷಯ ಎತ್ತಿದೆ. ಮುದ್ದೆ ಮುರಿಯುತ್ತಿದ್ದ ನಮ್ಮವರು ತಲೆ ಎತ್ತಲಿಲ್ಲ.

"ಹಗಲೆಲ್ಲ ಊರೋರ ರಕ್ತ, ಸಂಜೆಗೆ ಮೀನಿನ್ ನೀರು. ನಮ್ಮನ್ನ ಯಾವಾಗ ನೋಡ್ಕತೀಯ?"

"ನಿಮ್ಮನ್ನ ನೋಡಿ ನೋಡಿ ಸಾಕಾಗಿಯೇ ಇದು ಬೇಕು ಅಂತಿರೋದು," ಅಂದೆ.

ಅವರು ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ನಮ್ಮ ಮನೆಯಲ್ಲಿ ಜಗಳ ಮುಂದುವರಿಯದಿದ್ದರೆ ಒಪ್ಪಿಗೆ ಸಿಕ್ಕಿತು ಎಂದೇ ಅರ್ಥ.

ಆಗ ಅತ್ತೆ ಕಟ್ಟಾಯದಿಂದ ನಮ್ಮ ಮನೆಗೆ ಬಂದು ಸ್ವಲ್ಪ ಕಾಲವಾಗಿತ್ತು. ಊರಿನಲ್ಲಿ ಮೈದುನನ ಮನೆ ತುಂಬ ಜನ, ಯಾವುದಕ್ಕೂ ಕೊರತೆ ಇಲ್ಲ. ಆದರೆ ಮಂಡಿ ನೋವಿಗೆ ಅಲ್ಲಿನ ಮೆಟ್ಟಿಲು ಆಗುತ್ತಿರಲಿಲ್ಲ, ವಾರ ವಾರ ಡಾಕ್ಟರ ಹತ್ತಿರ ಬರುವುದೂ ಆಗುತ್ತಿರಲಿಲ್ಲ. ಹಾಲ್‌ನ ಕುರ್ಚಿಯಲ್ಲಿ ಕೂತು ಎಲೆಯಡಿಕೆ ಚೀಲ ಬಿಚ್ಚುವುದು, ಕಟ್ಟುವುದು, ನಡುನಡುವೆ "ನನ್ನ ಊರಿಗ್ ಬುಟ್ಬುಡ್ರಪ್ಪ" ಅನ್ನುವುದು, ಇಷ್ಟೇ ಅವರ ದಿನ. ನಾನು ಕೇಳಿಸಿಕೊಂಡೂ ಕೇಳಿಸದವಳಂತೆ ಇರುತ್ತಿದ್ದೆ.

ಅತ್ತೆಯ ವಿಷಯದಲ್ಲಿ ನನ್ನನ್ನು ಕೆರಳಿಸುತ್ತಿದ್ದದ್ದು ಬೇರೆಯೇ. ಅವರು ಯಾವುದನ್ನೂ ಮೊದಲು ಮುಟ್ಟುತ್ತಿರಲಿಲ್ಲ. ಹಾಲಿಗೆ ಹೆಪ್ಪು ಹಾಕಿ ಅಂದರೆ "ನೀನೇ ಆಕು" ಅನ್ನುತ್ತಿದ್ದರು. ಕುಂಡದಲ್ಲಿ ಕೊತ್ತಂಬರಿ ಬೀಜ ಚೆಲ್ಲಿ ಅಂದರೆ "ನಿನ್ ಕೈಯಲ್ಲೇ ಬೀಳ್ಲಿ ಕಣಮ್ಮಿ." ಒಂದು ಕಾಲಕ್ಕೆ ಕಟ್ಟಾಯದಲ್ಲಿ ಆಲೂಗೆಡ್ಡೆ ಬಿತ್ತನೆಗೆ ಮೊದಲ ಗೆಡ್ಡೆ ಇಡಲು ಇವರನ್ನೇ ಕರೆಯುತ್ತಿದ್ದರಂತೆ, ಕೈಗುಣ ಚೆನ್ನಾಗಿದೆ ಎಂದು. ಮಾವ ಹೋದ ಮೇಲೆ ಯಾರೂ ಕರೆಯಲಿಲ್ಲ. ಅದೇ ವರ್ಷ ಇವರು ಕಾವಿಗೆ ಕೂರಿಸಿದ ಕೋಳಿಯ ಮೊಟ್ಟೆ ಅಷ್ಟೂ ಕೆಟ್ಟುಹೋದವು. ಗಂಡನನ್ನು ಕಳೆದುಕೊಂಡ ಕೈ, ಇನ್ನು ಅದರಿಂದ ಏನು ಏಳುತ್ತದೆ ಎಂದು ಯಾರೋ ಅಂದರಂತೆ. ಅಂದವರು ಅವತ್ತೇ ಮರೆತಿರುತ್ತಾರೆ. ಅತ್ತೆ ಇಷ್ಟು ವರ್ಷವಾದರೂ ಮರೆತಿರಲಿಲ್ಲ.

ನನಗೆ ಮೈ ಉರಿಯುತ್ತಿತ್ತು. ದಿನಕ್ಕೆ ಎಷ್ಟು ಕೈ ಹಿಡಿಯುತ್ತೇನೆ ನಾನು. ನನ್ನ ಅನುಭವದಲ್ಲಿ ಕೈ ಎರಡೇ ಥರ, ಸೋಪು ಹಾಕಿ ತೊಳೆದದ್ದು ಮತ್ತು ತೊಳೆಯದ್ದು. ಅತ್ತೆಗೆ ಇದನ್ನೇ ಹೇಳಿದೆ. ಅವರು ನಕ್ಕರು, ಹೆಪ್ಪು ಮಾತ್ರ ಹಾಕಲಿಲ್ಲ.

ಟ್ಯಾಂಕಿನ ಕೆಲಸ ಶುರುವಾಯಿತು. ನಾಲ್ಕಡಿ ಉದ್ದದ ಗಾಜಿನ ಪೆಟ್ಟಿಗೆ, ಕೆಳಗೆ ಅದರ ಭಾರ ಹೊರಲು ಕಬ್ಬಿಣದ ಸ್ಟ್ಯಾಂಡು. ನಲ್ಲಿಯ ನೀರು ಇದಕ್ಕೆ ಆಗದು. ಕುಡಿಯುವ ನೀರಿನ ಫಿಲ್ಟರಿನಿಂದ ಇಳಿದದ್ದನ್ನು ಇನ್ನೊಂದು ಫಿಲ್ಟರಿನಲ್ಲಿ ಇಳಿಸಿ, ಏನೂ ಉಳಿಯದಂತೆ ಮಾಡಿ, ಆಮೇಲೆ ಬೆಂಗಳೂರಿನಿಂದ ತರಿಸಿದ ಸಮುದ್ರದ ಉಪ್ಪಿನ ಪುಡಿ ಕಲಸಬೇಕು. ಉಪ್ಪಿನ ಹದ ನೋಡುವ ಸಾಧನ ಮಾತ್ರ ನನಗೆ ಹಳೆಯ ಪರಿಚಯ. ಅದೇ ಬಗೆಯ ಸಾಧನದಲ್ಲಿ ಲ್ಯಾಬಿನಲ್ಲಿ ಮೂತ್ರದ ಸಾಂದ್ರತೆ ನೋಡುತ್ತೇವೆ. ಇದನ್ನು ನಮ್ಮವರಿಗೆ ಹೇಳಬಾರದಿತ್ತು. ನೆಂಟರು ಊಟಕ್ಕೆ ಕೂತಾಗಲೇ ಅವರಿಗೆ ಆ ಮಾತು ನೆನಪಾಗುತ್ತದೆ.

ಊರಿನ ತಂಪು ಒಂದು ಉಪಕಾರ ಮಾಡಿತು. ಹಾಸನಕ್ಕೆ ಬಡವರ ಊಟಿ ಎಂದು ಸುಮ್ಮನೆ ಅನ್ನುವುದಿಲ್ಲ. ಬೇರೆ ಊರಿನವರು ನೀರು ತಣ್ಣಗಿಡಲು ಯಂತ್ರ ಕೂರಿಸುತ್ತಾರೆ, ನಮಗೆ ಚಳಿಗಾಲಕ್ಕೊಂದು ಹೀಟರ್ ಸಾಕಾಯಿತು. ಕರೆಂಟಿನ ಮೇಲೆ ನಂಬಿಕೆ ಇಲ್ಲದ್ದರಿಂದ ಯುಪಿಎಸ್‌ನಿಂದ ಬೇರೆಯೇ ವೈರು ಎಳೆಸಿದೆವು. ಹಾಲ್‌ನ ಫ್ಯಾನಿಗೆ ಸಿಗದ ಯೋಗ ಅಲೆ ಎಬ್ಬಿಸುವ ಪಂಪಿಗೆ ಸಿಕ್ಕಿತು ಎಂದು ನಮ್ಮವರು ಸೆಕೆಯಲ್ಲಿ ಬೀಸಣಿಗೆ ಹಿಡಿದಾಗಲೆಲ್ಲ ಗೊಣಗುತ್ತಿದ್ದರು.

ಎಲ್ಲಕ್ಕಿಂತ ನಾನು ಹೆದರಿದ್ದು ತಾಮ್ರಕ್ಕೆ. ಮೀನಾದರೂ ಅಷ್ಟಿಷ್ಟು ತಡೆದುಕೊಳ್ಳುತ್ತದೆ. ಸೀಗಡಿ, ಬಸವನಹುಳು, ಹವಳ ಇವಕ್ಕೆ ತಾಮ್ರ ಬಿಟ್ಟುಕೊಂಡ ನೀರು ವಿಷ. ನಮ್ಮವರ ಅಂಗಡಿಯಲ್ಲಿ ಮೈಲುತುತ್ತದ ಚೀಲಗಳೇ ಇವೆ. ಆಲೂಗೆಡ್ಡೆಗೆ, ಕಾಫಿಗೆ ಸುಣ್ಣದ ಜೊತೆ ಬೆರೆಸಿ ಹೊಡೆಯಲು ರೈತರು ಒಯ್ಯುವ ಆ ನೀಲಿ ಹರಳಿನಲ್ಲಿ ಇರುವುದು ತಾಮ್ರವೇ. ಆ ಕೈಯಲ್ಲಿ ಟ್ಯಾಂಕು ಮುಟ್ಟಿದರೆ ಮನೆ ಒಳಗೆ ಸೇರಿಸುವುದಿಲ್ಲ ಎಂದು ಅವರಿಗೆ ಎಚ್ಚರಿಕೆ ಕೊಟ್ಟೆ. ಅಡುಗೆಮನೆಯ ತಾಮ್ರದ ಬಿಂದಿಗೆಯನ್ನು ಅಟ್ಟಕ್ಕೆ ಏರಿಸಿದೆ.

"ನೀರ್ಗೆ ತಾಮ್ರ ಒಳ್ಳೇದಲ್ವೇನಮ್ಮಿ?" ಎಂದು ಅತ್ತೆ ಕೇಳಿದರು.

"ನಮಗೆ ಒಳ್ಳೇದು ಅತ್ತೆ. ಈ ನೀರಿಗೆ ಆ ಬಿಂದಿಗೆ ಬೇಡ," ಅಂದೆ. ಬಿಂದಿಗೆ ಅಂತ ಮಾತ್ರ ಅಂದೆ. ಬೇರೆ ಏನನ್ನು ಹೇಳಬೇಕಿತ್ತು ಎಂದು ಆಗ ಯಾರಿಗೆ ಹೊಳೆಯುತ್ತದೆ.

ಮುಂದಿನದು ಬರೀ ಕಾಯುವ ಕೆಲಸ. ನೀರು, ಮರಳು, ಸಮುದ್ರದಿಂದ ಬಂದ ಕಲ್ಲು ಹಾಕಿಟ್ಟು, ಕಲ್ಲಿನ ಮೇಲೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಬೆಳೆಯಲು ಬಿಡಬೇಕು. ಮೀನಿನ ಹೊಲಸಿನಿಂದ ಅಮೋನಿಯ ಹುಟ್ಟುತ್ತದೆ, ಅದನ್ನು ತಿಂದು ಅರಗಿಸುವುದು ಆ ಬ್ಯಾಕ್ಟೀರಿಯಾ. ಅವು ಇಲ್ಲದ ನೀರಿಗೆ ಮೀನು ಬಿಟ್ಟರೆ ಕೊಂದಂತೆ. ಸಂಜೆ ಸಂಜೆ ಗಾಜಿನ ನಳಿಕೆಯಲ್ಲಿ ನೀರು ತೆಗೆದು ಬಣ್ಣ ನೋಡುತ್ತಿದ್ದೆ. ಕಲ್ಲಿಗೆ ಅಂಟಿಕೊಂಡು ಬಂದದ್ದು ಕೊಳೆತು ಅಮೋನಿಯ ಏರಿತು, ಇಳಿಯಿತು. ನೈಟ್ರೇಟ್ ಏರಿತು. ಹಗಲೆಲ್ಲ ಗೊಬ್ಬರವೆಂದು ನೈಟ್ರೇಟ್ ಮಾರುವ ಮನುಷ್ಯ, ಮನೆಗೆ ಬಂದು ಅದನ್ನೇ ಕಡಿಮೆ ಮಾಡಲು ಬಕೆಟ್ಟಿನಲ್ಲಿ ನೀರು ಹೊರಬೇಕಾಯಿತು. ಕಲ್ಲಿನ ಮೇಲೆ ಕಂದು ಪಾಚಿ ಕಟ್ಟಿ, ಕೆಸರಿನಲ್ಲಿ ಹೊರಳಿದ ಹಾಗಾಯಿತು. ಅಕ್ಕಪಕ್ಕದವರು ಬಂದು, "ಮೀನೆಲ್ಲಿ?" ಎಂದು ಬಗ್ಗಿ ನೋಡಿ, ಪಾಪ ಎಂಬಂತೆ ನನ್ನ ಮುಖ ನೋಡಿ ಹೋಗುತ್ತಿದ್ದರು.

ಆ ಕಲ್ಲುಗಳನ್ನು ಬೇಜಾರಿಲ್ಲದೆ ನೋಡಿದವರು ಅತ್ತೆ ಒಬ್ಬರೇ. ಅವರು ಸಮುದ್ರ ಕಂಡವರಲ್ಲ. ಇದು ಸಮುದ್ರದ ನೀರೇ ಎಂದು ನಾನು ಹೇಳಿದ್ದನ್ನು ಹಾಗೆಯೇ ನಂಬಿ, ಕುರ್ಚಿಯನ್ನು ಗಾಜಿನ ಹತ್ತಿರಕ್ಕೆ ಎಳೆಸಿಕೊಂಡಿದ್ದರು. ಒಂದು ದಿನ ನಾನು ಕೆಲಸದಿಂದ ಬಂದ ತಕ್ಷಣ, "ಆ ಸಂದೀಲಿ ಏನೋ ಅಲ್ಲಾಡ್ತೈತೆ ನೋಡು" ಅಂದರು. ಟಾರ್ಚ್ ಹಾಕಿ ನೋಡಿದರೆ ದಾರದ ಎಳೆಯಂಥ ಐದು ಕೈಗಳ ಪುಟಾಣಿ ನಕ್ಷತ್ರಮೀನು. ಯಾವುದೋ ಕಲ್ಲಿನ ತೂತಿನಲ್ಲಿ ಅಡಗಿ ಬಂದದ್ದು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಕಡೆಗೂ ನೀರು ಹದಕ್ಕೆ ಬಂತು. ಬೆಂಗಳೂರಿನ ಅಂಗಡಿಯವರು ಪೆಟ್ಟಿಗೆಯನ್ನು ಮಂಗಳೂರಿನ ಬಸ್ಸಿಗೆ ಹಾಕಿದರು. ಆ ಬಸ್ಸು ಹಾಸನದ ಒಳಕ್ಕೆ ಬರುವುದಿಲ್ಲ, ಹಿರೀಸಾವೆಯ ಹೋಟೆಲಿನ ಮುಂದೆ ತಿಂಡಿಗೆ ನಿಲ್ಲುತ್ತದೆ. ನಮ್ಮವರು ಕಾರು ತೆಗೆದುಕೊಂಡು ಅಲ್ಲಿಗೇ ಹೋಗಿ ಇಳಿಸಿಕೊಂಡರು. ಬರುವ ದಾರಿಯಲ್ಲಿ ಚನ್ನರಾಯಪಟ್ಟಣ, ಅಲ್ಲಿ ಅವರ ಅಕ್ಕನ ಮನೆ. ಅಕ್ಕ ಒಳ್ಳೆಯ ಸೀರೆ ಉಟ್ಟು, ಹೂವು ಅರಿಶಿನ ಕುಂಕುಮ ಸಮೇತ ಕಾರು ಹತ್ತಿದ್ದರು. ಥರ್ಮಾಕೋಲ್ ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದವರೂ ಅವರೇ.

ಪೆಟ್ಟಿಗೆಯಲ್ಲಿ ನೀರು ತುಂಬಿದ ಕವರುಗಳು. ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಎರಡು ಕ್ಲೌನ್ ಮೀನು, ಕೆಂಪು ಬೆನ್ನಿಗೆ ಬಿಳಿ ಗೆರೆಯ ಒಂದು ಸೀಗಡಿ, ಕೆಲವು ಬಸವನಹುಳು, ಉಗುರಿನಗಲದ ಹವಳದ ತುಂಡುಗಳು. ಸೀಗಡಿಯನ್ನು ನಾನು ಆಸೆಪಟ್ಟು ಕೇಳಿದ್ದೆ, ಅದರ ಉದ್ದನೆಯ ಬಿಳಿ ಮೀಸೆಗೆ ಮನಸೋತು. ಬಂದ ನೀರಿನಿಂದ ನಮ್ಮ ನೀರಿಗೆ ಅವು ಒಮ್ಮೆಲೇ ಬೀಳಬಾರದು. ಅದಕ್ಕೇ ಅವನ್ನು ಬಕೆಟ್ಟಿಗೆ ಬಿಟ್ಟು, ಮೆಡಿಕಲ್ ಶಾಪಿನಿಂದ ತಂದ ಗ್ಲೂಕೋಸ್ ಪೈಪಿನಲ್ಲಿ ಟ್ಯಾಂಕಿನ ನೀರನ್ನು ಹನಿ ಹನಿಯಾಗಿ ಇಳಿಸಿದೆ.

"ಮೀನ್ಗೂ ಡ್ರಿಪ್ ಏರ್ಸಿದ್ಯೇನಮ್ಮಿ," ಎಂದರು ಅತ್ತೆ. ಎಲ್ಲರೂ ನಕ್ಕೆವು.

ಬಿಡುವ ಹೊತ್ತಾಯಿತು. ಅಕ್ಕ ಕೈ ತೊಳೆದು ಬಂದು, "ಮೊದಲ್ನೇದು ನಾನ್ ಬುಡ್ತೀನಿ, ಮುತ್ತೈದೆ ಕೈ ಇರ್ಲಿ," ಅಂದರು. ಅದರಲ್ಲಿ ಕೆಟ್ಟ ಬುದ್ಧಿ ಏನೂ ಇರಲಿಲ್ಲ, ನಮ್ಮ ಕಡೆ ಯಾರಾದರೂ ಹಾಗೆಯೇ ಅನ್ನುತ್ತಾರೆ. ಆದರೆ ಮಾತು ಮುಗಿಯುವ ಮುಂಚೆಯೇ ಅತ್ತೆ ಕುರ್ಚಿ ಬಿಟ್ಟೆದ್ದು ಅಡುಗೆಮನೆಯ ಬಾಗಿಲಿಗೆ ಸರಿದು ನಿಂತದ್ದನ್ನು ನೋಡಿದೆ. ಮಂಡಿ ನೋವಿನ ಮುದುಕಿ ಅಷ್ಟು ಬೇಗ ಎದ್ದದ್ದು ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಅತ್ತೆ ಬಿಡ್ಲಿ," ಅಂದೆ. "ಇಷ್ಟು ದಿನ ಬರೀ ಕಲ್ಲು ನೋಡ್ಕೊಂಡು ಕೂತಿದ್ದು ಅವರು."

"ಬ್ಯಾಡ ಕಣಮ್ಮಿ. ನಂದ್ಯಾಕೆ. ಅವ್ಳೇ ಬುಡ್ಲಿ."

ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು, "ನಾಳೆ ಒಂದ್ ಸತ್ತೋದ್ರೆ ಅವ್ವ ಅದ್ನ ತನ್ ತಲೆ ಮ್ಯಾಲ್ ಆಕ್ಕತಳೆ. ಮೊದ್ಲೇ ಅನ್ನಿಸ್ಕಂಡೋಳು. ಅವ್ಳ್ನ ಇದ್ರಲ್ಲಿ ಸಿಕ್ಕಿಸ್ಬ್ಯಾಡ ಕಣೆ."

ಅವರ ಮಾತಿನಲ್ಲಿ ನ್ಯಾಯ ಇತ್ತು. ನನಗೆ ಹಟ ಹಿಡಿದಿತ್ತು. ಅತ್ತೆಯ ಕೈ ಹಿಡಿದು ಕರೆತಂದು, ಮೀನು ಇದ್ದ ಬಟ್ಟಲನ್ನು ಅವರ ಅಂಗೈಗೆ ಇಟ್ಟೆ. ನಾನು ಆಸರೆ ಕೊಡಲಿಲ್ಲ. ಬಟ್ಟಲು ನೀರಿಗೆ ತಾಗಿತು, ವಾಲಿತು, ಎರಡು ಮೀನುಗಳೂ ಅಂಜುತ್ತಾ ಕಲ್ಲಿನ ಕಡೆ ಹೋದವು. ಸೀಗಡಿಯನ್ನೂ ಅವರೇ ಬಿಟ್ಟರು. ಅಕ್ಕ ಟ್ಯಾಂಕಿನ ಸ್ಟ್ಯಾಂಡಿಗೆ ಕುಂಕುಮ ಇಟ್ಟು, "ಒಳ್ಳೇದಾದ್ರೆ ಸಾಕಪ್ಪ," ಅಂದರು. ಇನ್ನು ಈ ಜೀವಗಳಲ್ಲಿ ಒಂದಕ್ಕೆ ಏನಾದರೂ ಆದರೆ ಹೋಗುವುದು ಬರೀ ಮೀನಲ್ಲ ಎಂದು ಆಗ ಚೆನ್ನಾಗಿ ಅರ್ಥವಾಯಿತು.

ಅವತ್ತಿನಿಂದ ಊರಿಗೆ ಬಿಡಿ ಎಂಬ ಮಾತು ನಿಂತಿತು. ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅತ್ತೆಯ ವರದಿ ತಯಾರಾಗಿರುತ್ತಿತ್ತು. "ಮೀಸೆಯೋನು ಮಲಗೇ ಇಲ್ಲ ಕಣಮ್ಮಿ, ರಾತ್ರಿಯೆಲ್ಲ ತಿರುಗ್ದಂಗೈತೆ." "ದೊಡ್ಡ ಮೀನು ಚಿಕ್ಕುದ್ನ ಗದರ್ತೈತೆ, ಅದು ಎಣ್ಣಿರ್ಬೇಕು." ನಿಜಕ್ಕೂ ಈ ಮೀನುಗಳಲ್ಲಿ ದೊಡ್ಡದೇ ಹೆಣ್ಣು. ನಮ್ಮವರು ನನ್ನನ್ನೊಮ್ಮೆ ಮೀನನ್ನೊಮ್ಮೆ ನೋಡಿದರು. ಒಂದು ಸಂಜೆ ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಹಾಲಿಗೆ ಹೆಪ್ಪು ಬಿದ್ದಿತ್ತು. ಯಾರು ಹಾಕಿದ್ದು ಎಂದು ನಾನು ಕೇಳಲಿಲ್ಲ. ಮಾರನೆಯ ದಿನ ಮೊಸರು ಗಟ್ಟಿಯಾಗಿ ಬಂದಿತ್ತು. ಅದನ್ನೂ ಆಡಿ ತೋರಿಸದೆ ಎರಡು ಸಲ ಹಾಕಿಸಿಕೊಂಡು ತಿಂದೆ.

ಆಮೇಲೆ ಒಂದು ಭಾನುವಾರ. ಕಾಫಿ ಲೋಟ ಹಿಡಿದು ಹಾಲ್‌ಗೆ ಬಂದರೆ ಅತ್ತೆಯ ಕುರ್ಚಿ ಖಾಲಿ. ಟ್ಯಾಂಕಿನೊಳಗೆ, ಮುಂದಿನ ಮರಳಿನ ಮೇಲೆ, ಸೀಗಡಿ ಮಗ್ಗುಲಾಗಿ ಬಿದ್ದಿತ್ತು. ಕಣ್ಣು, ಕಾಲು, ಮೀಸೆ ಎಲ್ಲ ಇದ್ದಂತೆಯೇ ಇದ್ದವು, ಅಲ್ಲಾಟ ಇರಲಿಲ್ಲ. ಒಂದು ಬಸವನಹುಳು ಬಾಲದ ಮೇಲೆ ಹತ್ತಿ ಕೂತಿತ್ತು.

ಅತ್ತೆ ರೂಮಿನಲ್ಲಿ ಮಂಚದ ಮೇಲೆ ಕೂತು ಸೀರೆ ಮಡಿಸಿ ಬ್ಯಾಗಿಗೆ ಇಡುತ್ತಿದ್ದರು.

"ನೋಡ್ದೆ ಕಣಮ್ಮಿ. ಬೆಳಕಾಗ್ತಿದ್ದಂಗೇ ನೋಡ್ದೆ," ಅಂದರು. ಅಳುತ್ತಿರಲಿಲ್ಲ. "ಯಾರ್ನೂ ಅನ್ಬ್ಯಾಡ. ನನ್ ಕೈಯೇ ಇಂಗೆ. ಕಟ್ಟಾಯಕ್ ಬುಟ್ಬುಡಕ್ಕೇಳು ಅವನ್ಗೆ."

"ಮೀನೆರಡೂ ಚೆನ್ನಾಗೇ ಇವೆ ಅತ್ತೆ."

"ನಾನಿಲ್ಲೇ ಇದ್ರೆ ಅವೂ ಓಯ್ತವೆ."

ಬೇರೆಯವರಿಗೆ ಅಳು ಬರುವ ಕಡೆ ನನಗೆ ಕೋಪ ಬರುತ್ತದೆ. ಸ್ನಾನ ಮುಗಿಸಿ ಬಂದ ನಮ್ಮವರ ಮೇಲೆ ಹರಿಹಾಯ್ದೆ. ಮೈಲುತುತ್ತ ಮುಟ್ಟಿದ ಕೈಯನ್ನು ಅದ್ದಿದಿರಾ, ನಿಜ ಹೇಳಿ ಅಂದೆ.

"ನಿನ್ನೆ ಪೂರ್ತಿ ಆ ಟ್ಯಾಂಕ್ ಕಡೆ ತಲೆ ಹಾಕಿಲ್ಲ ಕಣೇ. ದೇವ್ರಾಣೆ," ಅಂದರು. ಅವರು ಸುಳ್ಳು ಹೇಳಿದರೆ ಕಿವಿ ಕೆಂಪಗಾಗುತ್ತದೆ. ಕಿವಿ ಸರಿಯಾಗಿಯೇ ಇತ್ತು.

ಟಾರ್ಚ್ ತಂದು ಮೂಲೆ ಮೂಲೆ ನೋಡಿದೆ. ಹಿಂದಿನ ಕಲ್ಲಿನ ಬುಡದಲ್ಲಿ, ಮರಳಿನಲ್ಲಿ ಅರ್ಧ ಹೂತು, ಏನೋ ದುಂಡಗೆ ಮಿಂಚಿತು. ತೋಳು ಮುಳುಗಿಸಿ ತೆಗೆದೆ. ನಡುವೆ ತೂತಿರುವ ಹಳೆಯ ತಾಮ್ರದ ಕಾಸು. ಹುಣಿಸೆಹಣ್ಣಿನಲ್ಲಿ ತಿಕ್ಕಿ ಹೊಳೆಯುವಂತೆ ಮಾಡಿದ್ದರು, ಅಂಚು ಆಗಲೇ ಮಂಕಾಗುತ್ತಿತ್ತು. ಅದು ಯಾರ ಎಲೆಯಡಿಕೆ ಚೀಲದ್ದು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ನಮ್ಮವರಿಗೆ ಬಿಡಿಸಿ ಹೇಳುವುದು ಬೇಕಾಗಲಿಲ್ಲ. ಅತ್ತೆಯ ತವರು ಹೊಳೆನರಸೀಪುರದ ಕಡೆ. ಬಸ್ಸು ಹೇಮಾವತಿ ಸೇತುವೆ ಹತ್ತಿದ ತಕ್ಷಣ ಕಿಟಕಿಯಿಂದ ಕೈ ಚಾಚಿ ಹೊಳೆಗೆ ಕಾಸು ಎಸೆದು ಕೈ ಮುಗಿಯುವುದು ಅವರಿಗೆ ಹುಟ್ಟಿನಿಂದ ಬಂದ ರೂಢಿ. ಹೊಳೆಗೇ ಕಾಸು ಕೊಟ್ಟವರು ಸಮುದ್ರವೇ ಮನೆಗೆ ಬಂದಾಗ ಸುಮ್ಮನಿರುತ್ತಾರೆಯೇ. ಈಗಿನ ಸ್ಟೀಲು ಕಾಸು ಅವರ ಮನಸ್ಸಿಗೆ ಬಂದಿರಲಿಕ್ಕಿಲ್ಲ, ಜೋಪಾನ ಮಾಡಿದ್ದ ತಾಮ್ರದ್ದನ್ನೇ ಹಾಕಿದ್ದಾರೆ. ಹಿಂದಿನ ದಿನ ಹುಣ್ಣಿಮೆ, ಕಾಣಿಕೆ ಹಾಕಲು ಒಳ್ಳೆಯ ದಿನ.

"ಅವ್ವಂಗೆ ಹೇಳ್ಬೇಡ," ಎಂದರು ನಮ್ಮವರು.

ರಿಪೋರ್ಟಿನಲ್ಲಿ ಏನಿದೆಯೋ ಅದನ್ನು ಹಾಗೆಯೇ ಹೇಳುವುದು ನನ್ನ ಕೆಲಸ. ಅವತ್ತು ಬಾಯಿ ಬರಲಿಲ್ಲ. ಹೇಳದಿದ್ದರೆ ತನ್ನ ಕೈಯೇ ಕೆಟ್ಟದ್ದು ಎಂದುಕೊಂಡು ಹೋಗುತ್ತಾರೆ. ಹೇಳಿದರೆ ತಾನೇ ಕೈಯಾರೆ ವಿಷ ಹಾಕಿದೆ ಎಂದು ಕೊರಗುತ್ತಾರೆ. ಕಾಸನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಉಳಿದದ್ದನ್ನಾದರೂ ಉಳಿಸಿಕೊಳ್ಳೋಣ ಎಂದು ಮೊದಲು ನೀರಿನ ಕೆಲಸಕ್ಕೆ ನಿಂತೆ. ಡ್ರಮ್ಮಿನಲ್ಲಿ ಕಲಸಿಟ್ಟ ಉಪ್ಪುನೀರು ಪುಣ್ಯಕ್ಕೆ ತಯಾರಿತ್ತು. ನಮ್ಮವರು ಹಳೆಯ ನೀರು ಎಳೆದು ಹೊರಗೆ ಸುರಿದರು, ನಾನು ಹೊಸ ನೀರು ತುಂಬಿದೆ, ವಿಷ ಹೀರಲಿ ಎಂದು ಇದ್ದಿಲಿನ ಚೀಲ ಇಳಿಬಿಟ್ಟೆ. ನಡುವೆ ಅವರು ಚನ್ನರಾಯಪಟ್ಟಣಕ್ಕೆ ಫೋನು ಮಾಡಿ ಅಕ್ಕನಿಗೂ ಸುದ್ದಿ ಮುಟ್ಟಿಸಿದ್ದರು. ಇವರ ಬಾಯಲ್ಲಿ ಏನೂ ನಿಲ್ಲುವುದಿಲ್ಲ.

ಅತ್ತೆ ಬ್ಯಾಗು ತಂದು ಬಾಗಿಲ ಬಳಿ ಇಟ್ಟುಕೊಂಡು, ಟ್ಯಾಂಕಿಗೆ ಬೆನ್ನು ಹಾಕಿ ಕೂತಿದ್ದರು. "ಅದ್ನ ಕಸಕ್ ಆಕ್ಬ್ಯಾಡ. ಮಲ್ಲಿಗೆ ಬುಡಕ್ ಮಣ್ ಮಾಡು," ಅಂದರು.

ಬಲೆಯಲ್ಲಿ ಮೆಲ್ಲಗೆ ಎತ್ತಿ ಅಂಗೈ ಮೇಲೆ ಇಟ್ಟುಕೊಂಡೆ. ಭಾರವೇ ಇಲ್ಲ. ಕಡಲೆಕಾಯಿಯ ಸಿಪ್ಪೆಯಷ್ಟು ಹಗುರ. ಸತ್ತ ಜೀವ ಹೀಗಿರುವುದಿಲ್ಲ. ಕಿಟಕಿಯ ಬೆಳಕಿಗೆ ಹಿಡಿದೆ. ಒಳಗೆ ಏನೂ ಇಲ್ಲ, ಬೆಳಕು ಹಾದು ಬರುತ್ತಿತ್ತು. ಕತ್ತಿನ ಹಿಂದೆ, ಬೆನ್ನು ಶುರುವಾಗುವ ಕಡೆ, ಅಡ್ಡಕ್ಕೆ ನೀಟಾಗಿ ಸೀಳಿತ್ತು. ಸೀಗಡಿ ಬೆಳೆಯುವಾಗ ಚಿಪ್ಪು ಕಳಚುತ್ತದೆ ಎಂದು ನಾನು ಓದಿದ್ದೆ. ಹಾವಿನ ಪೊರೆಯಂಥದ್ದೇನೋ ಇರಬೇಕು ಅಂದುಕೊಂಡಿದ್ದೆ. ಕಣ್ಣು ಮೀಸೆ ಸಮೇತ ಇಡೀ ಸೀಗಡಿಯ ರೂಪವನ್ನೇ ಬಿಟ್ಟು ಹೊರಗೆ ಬರುತ್ತದೆ ಎಂದು ಬರೆದವರು ಸ್ವಲ್ಪ ಒತ್ತಿ ಹೇಳಬಾರದಿತ್ತೇ.

ಕೂಗಬೇಕು ಅನ್ನಿಸಿತು, ಕೂಗಲಿಲ್ಲ. ಚಿಪ್ಪು ಕಳಚಿದ ಸೀಗಡಿಯ ಮೈ ಹಸಿಯಾಗಿರುತ್ತದೆ, ಮೆತ್ತಗಿರುತ್ತದೆ. ಅಂಥ ಹೊತ್ತಿನಲ್ಲೇ ನೀರಿನಲ್ಲಿ ತಾಮ್ರ ಇತ್ತು. ಯಾವ ಕಲ್ಲಿನ ಹಿಂದೆ ಬದುಕಿದೆಯೋ, ನಿಜಕ್ಕೂ ಸತ್ತು ಬಿದ್ದಿದೆಯೋ ಯಾರಿಗೆ ಗೊತ್ತು. ಕಲ್ಲು ಎತ್ತಿ ಹುಡುಕಿದರೆ ಇರುವ ಜೀವಕ್ಕೂ ಪೆಟ್ಟು. ಅತ್ತೆಯ ಮುಂದೆ ಚಿಪ್ಪು ಹಿಡಿದು, ಇದು ಬರೀ ಅಂಗಿ, ಅದು ಬಿಚ್ಚಿ ಹಾಕಿದೆ ಎಂದು ತೋರಿಸಿದೆ.

"ಸಮಾಧಾನಕ್ ಏನೇನೋ ಏಳ್ಬ್ಯಾಡ ಕಣಮ್ಮಿ. ಕಣ್ಣೇ ಕಾಣ್ತಾವಲ್ಲ."

"ಸಂಜೆವರೆಗೆ ಇರಿ. ಅದು ಕಾಣದೇ ಇದ್ರೆ ನಾನೇ ನಿಮ್ಮನ್ನ ಕಟ್ಟಾಯಕ್ಕೆ ಬಿಟ್ಟು ಬರ್ತೀನಿ. ಅಲ್ಲೀವರೆಗೂ ಆ ಬ್ಯಾಗು ಮುಟ್ಟೋ ಹಾಗಿಲ್ಲ."

ನನ್ನ ದನಿ ಕೇಳಿ ಒಪ್ಪಿಕೊಂಡರೋ, ವಾದ ಮಾಡುವ ಶಕ್ತಿ ಇಲ್ಲದೆಯೋ, ಬ್ಯಾಗಿನಿಂದ ಕೈ ತೆಗೆದರು. ಮಧ್ಯಾಹ್ನ ಯಾರೂ ಸರಿಯಾಗಿ ಉಣ್ಣಲಿಲ್ಲ. ನಮ್ಮವರು ಗಾಜಿನ ಆ ಕಡೆಯಿಂದ, ನಾನು ಈ ಕಡೆಯಿಂದ ಬಗ್ಗಿ ಬಗ್ಗಿ ನೋಡಿದೆವು. ಮೀನುಗಳು ಏನೂ ಆಗಿಲ್ಲವೆಂಬಂತೆ ಓಡಾಡುತ್ತಿದ್ದವು. ಮುಚ್ಚಿಕೊಂಡಿದ್ದ ಒಂದು ಹವಳ ಮೆಲ್ಲಗೆ ಅರಳಿತು. ಅದೊಂದೇ ಧೈರ್ಯ. ಅತ್ತೆ ಒಮ್ಮೆಯೂ ಈ ಕಡೆ ತಿರುಗಲಿಲ್ಲ.

ಸಂಜೆಗೆ ಫ್ರಿಜ್ಜಿನಲ್ಲಿ ಗಡ್ಡೆಕಟ್ಟಿದ್ದ ಮೀನಿನ ಊಟ ಕರಗಿಸಿ ಹಾಕಿದೆ. ವಾಸನೆ ನೀರಿಗೆ ಇಳಿಯಿತು. ಎಡಗಡೆಯ ಕಲ್ಲಿನ ಸಂದಿಯಿಂದ ಒಂದು ಬಿಳಿ ಎಳೆ ಹೊರಗೆ ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಒಂದೊಂದೇ ಕಾಲು ಊರುತ್ತಾ, ಮೊದಲಿಗಿಂತ ದಪ್ಪಗೆ, ಕೆಂಪಗೆ, ಇಡೀ ಸೀಗಡಿ ಹೊರಗೆ ಬಂದು ಒಂದು ಚೂರು ಊಟ ಹಿಡಿದುಕೊಂಡಿತು. ನಮ್ಮವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನಾನು ಸ್ಟ್ಯಾಂಡು ಹಿಡಿದುಕೊಂಡೆ. ಅಬ್ಬ ಅಂದೆ.

"ಅವ್ವ, ತಿರುಗಿ ನೋಡು. ಮೀಸೆಯೋನು," ಅಂದರು ನಮ್ಮವರು.

ಅತ್ತೆ ತಿರುಗಿದರು. ಎದ್ದು, ಗೋಡೆ ಹಿಡಿದು ಬಂದು, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು. ಕಿಟಕಿಯಲ್ಲಿ ಇಟ್ಟಿದ್ದ ಚಿಪ್ಪು, ಗಾಜಿನೊಳಗಿನ ಸೀಗಡಿ, ಎರಡನ್ನೂ ಮತ್ತೆ ಮತ್ತೆ ನೋಡಿದರು. ಬೆಳಿಗ್ಗೆಯಿಂದ ಬಾರದ ಕಣ್ಣೀರು ಆಗ ಬಂತು. ಸೆರಗಿನಿಂದ ಒರೆಸಿಕೊಳ್ಳುತ್ತಲೇ ನಕ್ಕರು.

ಇನ್ನು ಮುಚ್ಚಿಡುವುದು ಬೇಕಿರಲಿಲ್ಲ. ಕಾಸು ತೆಗೆದು ಅವರ ಕೈಗೆ ಕೊಟ್ಟು, ತಾಮ್ರ ಈ ಜೀವಗಳಿಗೆ ಆಗದು ಎಂದು ಹೇಳಿದೆ. ಅವರು ಕಾಸನ್ನು ತಿರುಗಿಸಿ ನೋಡಿದರು.

"ನೀನು ಬಿಂದಿಗೆ ಬ್ಯಾಡ ಅಂದೆ. ಕಾಸು ಬ್ಯಾಡ ಅನ್ನನಿಲ್ವಲ್ಲ," ಅಂದರು.

ನಮ್ಮವರು ಎಷ್ಟು ನಕ್ಕರೆಂದರೆ ಕೆಮ್ಮು ಬಂತು. ನನಗೆ ಅವತ್ತು ಯಾರ ಮೇಲೂ ಸಿಟ್ಟು ಬರಲಿಲ್ಲ.

"ಕೈ ತೊಳ್ಕೊಂಡು ಬನ್ನಿ ಅತ್ತೆ. ಇವತ್ತು ಉಳಿದ ಊಟ ನೀವೇ ಹಾಕಿ," ಅಂದೆ. ಬೇಡ ಅನ್ನುತ್ತಾರೆ ಎಂದುಕೊಂಡಿದ್ದೆ. ಅವರು ಹೋಗಿ ತೊಳೆದುಕೊಂಡು ಬಂದರು. ಬಳೆ ಇಲ್ಲದ ಕೈ ಮೊಣಕೈವರೆಗೂ ನೀರಿಗೆ ಇಳಿಯಿತು, ಬೆರಳ ತುದಿಯಲ್ಲಿ ಒಂದು ಚೂರು ಊಟ. ಸೀಗಡಿ ಕಲ್ಲಿನಿಂದ ಇಳಿದು, ಮೀಸೆ ಚಾಚಿ ಆ ಬೆರಳನ್ನು ತಡವಿ ನೋಡಿ, ಮೆಲ್ಲಗೆ ಅಂಗೈ ಮೇಲೆ ಹತ್ತಿತು. ಊಟ ತಿಂದಾದ ಮೇಲೂ ಇಳಿಯಲಿಲ್ಲ. ದೊಡ್ಡ ಮೀನುಗಳ ಮೈ ಹೆಕ್ಕಿ ಶುಚಿ ಮಾಡುವುದು ಅದರ ಹುಟ್ಟುಗುಣ. ಅತ್ತೆಯ ಉಗುರಿನ ಸಂದಿ, ಬೆರಳ ಗೆರೆ, ಆಲೂಗೆಡ್ಡೆ ಹೆಚ್ಚಿ ಹೆಚ್ಚಿ ಬಿರುಕು ಬಿಟ್ಟ ಹೆಬ್ಬೆರಳು, ಒಂದನ್ನೂ ಬಿಡದೆ ಪುಟ್ಟ ಕೈಗಳಲ್ಲಿ ಹೆಕ್ಕತೊಡಗಿತು. ಅತ್ತೆ ಉಸಿರು ಬಿಡುವುದಕ್ಕೂ ಹೆದರಿ ನಿಂತಿದ್ದರು.

ಅಷ್ಟರಲ್ಲಿ ಫೋನು ಬಂತು. ಅಕ್ಕ. ನಮ್ಮವರು ಸ್ಪೀಕರಿಗೆ ಹಾಕಿ ಅತ್ತೆಯ ಹತ್ತಿರ ಹಿಡಿದರು.

"ಅವ್ವ, ಬೇಜಾರ್ ಮಾಡ್ಕಬ್ಯಾಡ. ನಾಳೆ ನಾನೇ ಬತ್ತೀನಿ, ನಮ್ಮನೇಲಿ ಒಂದೆರಡ್ ದಿನ ಇರೀವಂತೆ."

"ಆಮೇಲ್ ಮಾತಾಡ್ತೀನಿ ಬುಡವ್ವ," ಎಂದರು ಅತ್ತೆ ಪಿಸುದನಿಯಲ್ಲಿ. "ಅಲ್ಲಾಡಕ್ಕಾಗಲ್ಲ. ಅದು ಕೈ ಮ್ಯಾಲೈತೆ."

"ಯಾವ್ದು? ಯಾರ್ ಕೈ ಮ್ಯಾಲೆ?"

"ನನ್ ಕೈ ಮ್ಯಾಲೆ ಕಣೆ," ಎಂದರು ಅತ್ತೆ. "ನಂದೇ."